ಕಂಪ್ಯೂಟರಿನ ಕಾವಲುಪಟ್ಟಿ ಹೊಸದಾಗುತ್ತಿದೆಯೇ? ಮಹಾಸಭೆಯಲ್ಲಿ ಕೇಳಿ

ಪಶುವೈದ್ಯರು ಈ ಪತ್ರಿಕೆಗೆ ಬರೆದರೆ ಕೆಚ್ಚಲು ಬಾವು, ಜಂತುನಾಶಕ, ಖನಿಜ ಮಿಶ್ರಣ ಇಷ್ಟೇ ಇರುತ್ತದೆ ಎಂದು ನೀವು ಎಣಿಸಿರುತ್ತೀರಿ. ಈ ಸಲ ನಾನು ಬರೆಯುತ್ತಿರುವುದು ಕಂಪ್ಯೂಟರಿನ ಕಾವಲಿನ ಬಗ್ಗೆ. ಕಾರಣ ಇಷ್ಟೇ: ನಿಮ್ಮ ಹಸು ಬೆಳಿಗ್ಗೆ ಕೊಟ್ಟ ಹಾಲು ಸಂಘದ ತಕ್ಕಡಿ ಮುಟ್ಟಿದ ಕ್ಷಣದಿಂದ ಬರೀ ಹಾಲಾಗಿ ಉಳಿಯುವುದಿಲ್ಲ, ಅಂಕಿಯಾಗುತ್ತದೆ. ಎಷ್ಟು ಲೀಟರ್, ಎಷ್ಟು ಫ್ಯಾಟ್, ಎಷ್ಟು ಎಸ್‌ಎನ್‌ಎಫ್. ಆ ಅಂಕಿ ಸಂಘದ ಯಂತ್ರದಿಂದ ಒಕ್ಕೂಟಕ್ಕೆ ಹೋಗಿ, ಅಲ್ಲಿಂದ ಬ್ಯಾಂಕಿಗೆ ಹೋಗಿ, ಬಟವಾಡೆಯ ಹಣವಾಗಿ ನಿಮ್ಮ ಖಾತೆಗೆ ಬರುತ್ತದೆ. ಸರ್ಕಾರ ಕೊಡುವ ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನವೂ ಅದೇ ದಾರಿಯಲ್ಲಿ ಬರುತ್ತದೆ. ಹಸುವಿನ ಕಿವಿಯೋಲೆಯ 12 ಅಂಕಿಯ ಸಂಖ್ಯೆಗೆ ಲಸಿಕೆ, ಗರ್ಭಧಾರಣೆಯ ದಾಖಲೆ ಅಂಟಿಕೊಂಡಿರುವುದೂ ಕಂಪ್ಯೂಟರಿನಲ್ಲೇ. ಇವೆಲ್ಲ ಓಡಾಡುವ ದಾರಿಯಲ್ಲಿ ಕಾವಲು ಕಾಯುವವನ ಬಗ್ಗೆ ನಮ್ಮ ಸಂಘಗಳ ಸಭೆಗಳಲ್ಲಿ ಯಾರೂ ಮಾತಾಡಿದ್ದನ್ನು ನಾನು ಕೇಳಿಲ್ಲ.

ಮೊದಲೇ ಹೇಳಿಬಿಡುತ್ತೇನೆ: ಇದು ಓಟಿಪಿ ಕೇಳುವ ಮೋಸದ ಫೋನ್ ಕರೆಗಳ ಕುರಿತ ಲೇಖನವಲ್ಲ. ಅದಕ್ಕೆ 1930 ಸಹಾಯವಾಣಿ ಇದೆ, ಹಣ ಹೋದ ಕೂಡಲೇ ಕರೆ ಮಾಡಿ. ನಾನು ಹೇಳಹೊರಟಿರುವುದು ನೀವು ಎಷ್ಟೇ ಎಚ್ಚರದಿಂದಿದ್ದರೂ ನಿಮ್ಮ ಕೈ ಮೀರಿ ಆಗುವಂಥದ್ದು.

ದೊಡ್ಡ ಸಂಸ್ಥೆಗಳ ನೆಟ್‌ವರ್ಕಿನ ಬಾಗಿಲಲ್ಲಿ ನುಸುಳುಕೋರರನ್ನು ಪತ್ತೆ ಮಾಡುವ ತಂತ್ರಾಂಶ ಇರುತ್ತದೆ. ಅದರಲ್ಲಿ ಹೆಸರಾದದ್ದು ಸ್ನಾರ್ಟ್. 1998ರಲ್ಲಿ ಅಮೆರಿಕದ ಮಾರ್ಟಿನ್ ರೋಶ್ ಎಂಬವರು ಬರೆದು ಎಲ್ಲರಿಗೂ ಉಚಿತವಾಗಿ ಕೊಟ್ಟದ್ದು. ಆಮೇಲೆ ಸುರಿಕಾಟಾ ಎಂಬ ಇನ್ನೊಂದು ಬಂತು. ಅದೂ ಉಚಿತ. ಇವು ಕೆಲಸ ಮಾಡುವ ರೀತಿ ಜಾನುವಾರು ಸಂತೆಯ ತನಿಖಾ ಠಾಣೆಯಂತೆ. ಒಳಬರುವ, ಹೊರಹೋಗುವ ಪ್ರತಿ ಮಾಹಿತಿಯ ಪೊಟ್ಟಣವನ್ನೂ ನೋಡುತ್ತವೆ. ಕೈಯಲ್ಲಿ ಒಂದು ಪಟ್ಟಿ ಇರುತ್ತದೆ: ಇಂಥ ಗುರುತು ಕಂಡರೆ ಕೂಗು, ಇಂಥದ್ದು ಕಂಡರೆ ತಡೆ. ಆ ಪಟ್ಟಿಯ ಒಂದೊಂದು ಸಾಲಿಗೂ ನಿಯಮ ಎನ್ನುತ್ತಾರೆ. ಪಟ್ಟಿಯಲ್ಲಿ ಇಲ್ಲದ ಕಳ್ಳ ಎದುರಿಗೇ ನಡೆದುಹೋದರೂ ಈ ಕಾವಲುಗಾರ ಸುಮ್ಮನಿರುತ್ತಾನೆ. ನಿದ್ದೆ ಮಾಡುತ್ತಿದ್ದಾನೆಂದಲ್ಲ. ಅವನಿಗೆ ಆ ಗುರುತು ಯಾರೂ ಹೇಳಿಕೊಟ್ಟಿಲ್ಲ, ಅಷ್ಟೇ.

ನನ್ನ ತಕರಾರು ಇಲ್ಲೇ ಇರುವುದು. ನಮ್ಮ ಸಹಕಾರ ಕ್ಷೇತ್ರದಲ್ಲಿ ಯಂತ್ರ ಕೊಳ್ಳುವುದಕ್ಕೆ ಠರಾವು ಆಗುತ್ತದೆ, ಫೋಟೋ ತೆಗೆಸುತ್ತಾರೆ, ಹಾರ ಹಾಕುತ್ತಾರೆ. ಯಂತ್ರದೊಳಗಿನ ಪಟ್ಟಿಯನ್ನು ವಾರ ವಾರ ಹೊಸದು ಮಾಡುವುದಕ್ಕೆ ಹಣ, ಜನ, ದಿನ ಯಾವುದನ್ನೂ ಗೊತ್ತು ಮಾಡುವುದಿಲ್ಲ. ವಾರ್ಷಿಕ ನಿರ್ವಹಣೆ ಒಪ್ಪಂದ ಇದೆ ಎನ್ನುತ್ತಾರೆ. ಅದರಲ್ಲಿ ಪ್ರಿಂಟರ್ ಕೆಟ್ಟರೆ ಸರಿ ಮಾಡುವ ಮಾತಿರುತ್ತದೆ, ಇದು ಇರುತ್ತದೋ ಇಲ್ಲವೋ ಓದಿದವರು ಕಡಿಮೆ.

ಪಟ್ಟಿ ಯಾಕೆ ಅಷ್ಟು ಬೇಗ ಹಳೆಯದಾಗುತ್ತದೆ ಎಂಬುದಕ್ಕೆ 2021ರ ಡಿಸೆಂಬರ್‌ನಲ್ಲಿ ನಡೆದದ್ದನ್ನು ಹೇಳುತ್ತೇನೆ. ಲಾಗ್‌ಫೋರ್‌ಜೆ ಎಂಬ ಒಂದು ಸಣ್ಣ ತಂತ್ರಾಂಶ ಇದೆ. ಅಪಾಚೆ ಎಂಬ ಸಂಸ್ಥೆಯ ಹೆಸರಿನಲ್ಲಿ ಬೆರಳೆಣಿಕೆಯ ಸ್ವಯಂಸೇವಕರು ನೋಡಿಕೊಳ್ಳುತ್ತಿದ್ದದ್ದು. ಅದರ ಕೆಲಸ ದಿನಚರಿ ಬರೆಯುವುದು. ಯಾರು ಬಂದರು, ಏನು ಕೇಳಿದರು, ಏನು ತಪ್ಪಾಯಿತು ಎಂದು ಕಂಪ್ಯೂಟರಿನ ರಿಜಿಸ್ಟರಿನಲ್ಲಿ ಸಾಲು ಸಾಲಾಗಿ ದಾಖಲಿಸುವುದು. ಪ್ರಪಂಚದ ಲೆಕ್ಕವಿಲ್ಲದಷ್ಟು ದೊಡ್ಡ ತಂತ್ರಾಂಶಗಳ ಹೊಟ್ಟೆಯಲ್ಲಿ ಇದು ಕೂತಿತ್ತು. ಕೂತಿದೆ ಎಂಬುದೇ ಎಷ್ಟೋ ಕಂಪನಿಗಳಿಗೆ ಗೊತ್ತಿರಲಿಲ್ಲ.

ಅದರಲ್ಲಿ ಸಿಕ್ಕ ದೋಷ ಹೀಗಿತ್ತು. ಸಂಘದ ಕಾರ್ಯದರ್ಶಿ ಬಂದವರ ಹೆಸರನ್ನು ರಿಜಿಸ್ಟರಿಗೆ ಬರೆದುಕೊಳ್ಳುತ್ತಾರೆಂದುಕೊಳ್ಳಿ. ಯಾರೋ ಬಂದು, ‘ನನ್ನ ಹೆಸರು: ಪಕ್ಕದೂರಿನ ಇಂಥ ಮನೆಗೆ ಹೋಗಿ ಅಲ್ಲಿ ಹೇಳಿದಂತೆ ಮಾಡು’ ಎನ್ನುತ್ತಾನೆ. ಕಾರ್ಯದರ್ಶಿ ಅದನ್ನು ಹೆಸರೆಂದು ಬರೆಯುವ ಬದಲು ಪೆನ್ನು ಕೆಳಗಿಟ್ಟು ಎದ್ದು ಹೊರಟೇಬಿಡುತ್ತಾರೆ! ಲಾಗ್‌ಫೋರ್‌ಜೆ ಮಾಡುತ್ತಿದ್ದದ್ದು ಇದನ್ನೇ. ಒಂದು ವಿಶೇಷ ಬಗೆಯ ಸಾಲು ಬರೆಯಲು ಕೊಟ್ಟರೆ, ಆ ಸಾಲಿನಲ್ಲಿದ್ದ ವಿಳಾಸಕ್ಕೆ ಹೋಗಿ ಅಲ್ಲಿದ್ದ ಪ್ರೋಗ್ರಾಮನ್ನು ತಂದು ತನ್ನ ಮನೆಯೊಳಗೇ ಓಡಿಸುತ್ತಿತ್ತು. ಮಕ್ಕಳು ಆಡುವ ಮೈನ್‌ಕ್ರಾಫ್ಟ್ ಆಟದಲ್ಲಿ ಹರಟೆಯ ಒಂದು ಸಂದೇಶ ಕಳಿಸಿಯೇ ಸರ್ವರನ್ನು ವಶ ಮಾಡಿಕೊಳ್ಳಬಹುದಿತ್ತು. ತೀವ್ರತೆಗೆ 10ಕ್ಕೆ 10 ಅಂಕ ಕೊಟ್ಟರು.

ಈಗ ದಿನಾಂಕಗಳನ್ನು ನೋಡಿ. ನವೆಂಬರ್ 24ಕ್ಕೆ ಚೀನಾದ ಅಲಿಬಾಬಾ ಕ್ಲೌಡ್‌ನ ಒಬ್ಬ ಎಂಜಿನಿಯರ್ ಅಪಾಚೆಗೆ ಗುಟ್ಟಾಗಿ ತಿಳಿಸಿದ. ಡಿಸೆಂಬರ್ 9ರಂದು ವಿಷಯ ಬಹಿರಂಗವಾಯಿತು. ಮರುದಿನದ ಹೊತ್ತಿಗೆ ಪ್ರಪಂಚದ ಎಲ್ಲ ಕಡೆ ದಾಳಿಕೋರರು ಬಾಗಿಲು ಬಾಗಿಲು ತಟ್ಟಿ ನೋಡುತ್ತಿದ್ದರು. ಕ್ಲೌಡ್‌ಫ್ಲೇರ್ ಕಂಪನಿ ತನ್ನ ಹಳೆಯ ದಾಖಲೆ ತೆಗೆದು ನೋಡಿದಾಗ ಡಿಸೆಂಬರ್ 1ಕ್ಕೇ ಯಾರೋ ತಟ್ಟಿದ್ದ ಗುರುತು ಸಿಕ್ಕಿತು. ಅಪಾಚೆಯವರು ದೋಷಕ್ಕೆ ತೇಪೆ ಬಿಟ್ಟರು. ಆ ತೇಪೆಯಲ್ಲೇ ಕೊರತೆ ಕಂಡು ಇನ್ನೊಂದು, ಅದರ ಮೇಲೆ ಮತ್ತೊಂದು. ಡಿಸೆಂಬರ್ 28ರ ಹೊತ್ತಿಗೆ ನಾಲ್ಕನೆಯ ಆವೃತ್ತಿ ಬಂದಿತ್ತು.

ಕಾವಲುಪಟ್ಟಿ ಬರೆಯುವವರೂ ಆ ವಾರ ಮಲಗಲಿಲ್ಲ. ವಿಷಯ ಬಹಿರಂಗವಾದ ಬೆನ್ನಿಗೇ ಮೊದಲ ನಿಯಮಗಳು ಬಂದವು. ದಾಳಿಯ ಸಾಲಿನಲ್ಲಿ ‘ಜೆಎನ್‌ಡಿಐ’ ಎಂಬ ನಾಲ್ಕು ಅಕ್ಷರ ಇದ್ದೇ ಇರಬೇಕಿತ್ತು. ಹಾಗಾಗಿ ಆ ಅಕ್ಷರ ಕಂಡರೆ ಕೂಗು ಎಂದು ಬರೆದರು. ದಾಳಿಕೋರರು ಸುಮ್ಮನಿದ್ದರೇ? ಅದೇ ಅಕ್ಷರಗಳನ್ನು ಒಡೆದು, ನಡುವೆ ಬೇರೆ ಚಿಹ್ನೆ ತುರುಕಿ, ಒಳಗೆ ಹೋದಮೇಲೆ ತಾನಾಗಿ ಕೂಡಿಕೊಳ್ಳುವಂತೆ ಬರೆದು ಕಳಿಸಿದರು. ಕೆಂಪು ಹಸು ಕದ್ದಿದ್ದಾರೆ, ಕೆಂಪು ಕಂಡರೆ ಹಿಡಿ ಎಂದು ಠಾಣೆಗೆ ಹೇಳಿದರೆ, ಕಳ್ಳ ಹಸುವಿಗೆ ಸುಣ್ಣ ಬಳಿದು ತಂದಹಾಗೆ. ನಿಯಮ ಬರೆಯುವವರು ಮತ್ತೆ ತಿದ್ದಿದರು. ಅವರು ಮತ್ತೆ ಬಣ್ಣ ಬದಲಿಸಿದರು. ಕೆಲವೇ ದಿನಗಳಲ್ಲಿ ಈ ಆಟ ಎಷ್ಟೋ ಸುತ್ತು ನಡೆಯಿತು. ಡಿಸೆಂಬರ್ 10ರ ಪಟ್ಟಿಯನ್ನು ಹಾಕಿಕೊಂಡು, ‘ನಾವು ಲಾಗ್‌ಫೋರ್‌ಜೆಗೆ ರಕ್ಷಣೆ ಮಾಡಿಕೊಂಡಿದ್ದೇವೆ’ ಎಂದು ಕೂತವನ ಬಾಗಿಲಿಂದ ಅದೇ ತಿಂಗಳಲ್ಲಿ ಸುಣ್ಣ ಬಳಿದ ಹಸು ಸಲೀಸಾಗಿ ದಾಟಬಹುದಿತ್ತು.

ತೇಪೆ ಹಾಕಿಬಿಟ್ಟರೆ ಈ ಪಟ್ಟಿಯ ಗೊಡವೆ ಯಾಕೆ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ತೇಪೆಯೇ ನಿಜವಾದ ಮದ್ದು, ಅದರಲ್ಲಿ ಎರಡು ಮಾತಿಲ್ಲ. ಆದರೆ 2022ರಲ್ಲಿ ಚರ್ಮಗಂಟು ರೋಗ ನಮ್ಮಲ್ಲಿ ಹರಡಿದಾಗ ಏನು ಮಾಡಿದೆವು ನೆನಪಿಸಿಕೊಳ್ಳಿ. ಎಲ್ಲ ಹಸುಗಳಿಗೂ ಒಂದೇ ದಿನ ಲಸಿಕೆ ಹಾಕಲು ಆಗಲಿಲ್ಲ. ಅದಕ್ಕೇ ಸಂತೆ ನಿಲ್ಲಿಸಿದರು, ಜಾನುವಾರು ಜಾತ್ರೆ ನಿಲ್ಲಿಸಿದರು, ಸಾಗಾಟ ತಡೆದರು. ಲಸಿಕೆ ಕೊಟ್ಟಿಗೆಗೆ ಮುಟ್ಟುವವರೆಗಿನ ದಿನಗಳನ್ನು ದಾಟಿಸುವುದಕ್ಕೆ ಠಾಣೆ ಬೇಕು. ಕಂಪ್ಯೂಟರಿನಲ್ಲೂ ಹಾಗೆಯೇ. ಡೇರಿಯ ಪ್ಯಾಕಿಂಗ್ ಸಾಲಿಗೆ ಜೋಡಿಸಿದ ಕಂಪ್ಯೂಟರಿಗೆ ತೇಪೆ ಹಾಕಬೇಕೆಂದರೆ ಸಾಲು ನಿಲ್ಲಿಸಬೇಕು. ಹಾಲು ಕಾಯುವುದಿಲ್ಲ. ಯಂತ್ರ ಮಾರಿದ ಕಂಪನಿ ಒಪ್ಪಿಗೆ ಕೊಡುವವರೆಗೆ ಮುಟ್ಟುವಂತೆಯೂ ಇಲ್ಲ. ಈ ಮಧ್ಯದ ದಿನಗಳೇ ಅಪಾಯದ ದಿನಗಳು, ಆಗ ಇರುವ ಕಾವಲು ಇದೊಂದೇ.

ಕಾಲುಬಾಯಿ ಜ್ವರದ ಲಸಿಕೆಯನ್ನೂ ಇಲ್ಲಿ ನೆನೆಯುವುದು ನನಗೆ ಅನಿವಾರ್ಯ. ಆರು ತಿಂಗಳಿಗೊಮ್ಮೆ ನಾವು ಹಾಕುವ ಲಸಿಕೆಯಲ್ಲಿ ಓ, ಎ, ಏಷ್ಯಾ-1 ಎಂಬ ಮೂರು ಮಾದರಿಗಳಿವೆ. ಹೊರಗೆ ಓಡಾಡುತ್ತಿರುವ ವೈರಸ್ಸಿಗೂ ಸೀಸೆಯಲ್ಲಿರುವ ತಳಿಗೂ ಇನ್ನೂ ಹೊಂದಿಕೆ ಇದೆಯೇ ಎಂದು ವಿಜ್ಞಾನಿಗಳು ನೋಡುತ್ತಲೇ ಇರುತ್ತಾರೆ. ಹೊಂದದಿದ್ದರೆ ತಳಿ ಬದಲಿಸುತ್ತಾರೆ. ಹಿಂದೆ ಸಿ ಎಂಬ ಇನ್ನೊಂದು ಮಾದರಿಯೂ ಲಸಿಕೆಯಲ್ಲಿತ್ತು. 1995ರ ನಂತರ ಅದು ಭಾರತದಲ್ಲಿ ಕಾಣಲಿಲ್ಲವಾದ್ದರಿಂದ ಕೈಬಿಟ್ಟರು. ಪಟ್ಟಿ ನವೀಕರಣವೆಂದರೆ ಬರೀ ಸೇರಿಸುವುದಲ್ಲ, ಬೇಡದ್ದನ್ನು ತೆಗೆಯುವುದೂ ಹೌದು.

ಈ ತೆಗೆಯುವ ಕೆಲಸವನ್ನು ಎಲ್ಲರೂ ಮರೆಯುತ್ತಾರೆ. ಸ್ನಾರ್ಟ್, ಸುರಿಕಾಟಾದ ಪಟ್ಟಿಗಳಲ್ಲಿ ಹತ್ತಾರು ಸಾವಿರ ನಿಯಮಗಳಿವೆ. ಎಲ್ಲವನ್ನೂ ಚಾಲೂ ಮಾಡಿಬಿಟ್ಟರೆ ಕಾವಲುಗಾರ ದಿನವಿಡೀ ಕೂಗುತ್ತಾನೆ. ಎಲೆ ಅಲ್ಲಾಡಿದರೂ ಬೊಗಳುವ ನಾಯಿ ನಿಮ್ಮ ಬೀದಿಯಲ್ಲೂ ಇರಬಹುದು, ಅದು ನಿಜವಾಗಿ ಕಳ್ಳನನ್ನು ಕಂಡ ರಾತ್ರಿ ಯಾರೂ ಎದ್ದು ನೋಡುವುದಿಲ್ಲ. ನಮ್ಮ ನೆಟ್‌ವರ್ಕಿನಲ್ಲಿ ಏನೇನಿದೆ ಎಂದು ಮೊದಲು ಎಣಿಸಬೇಕು. ನಮ್ಮಲ್ಲಿಲ್ಲದ ತಂತ್ರಾಂಶದ ನಿಯಮಗಳನ್ನು ಮುಚ್ಚಬೇಕು. ಹೊಸ ನಿಯಮವನ್ನು ಮೊದಲು ಕೂಗುವುದಕ್ಕೆ ಮಾತ್ರ ಬಿಟ್ಟು, ಸುಳ್ಳು ಕೂಗು ಹಾಕುತ್ತಿಲ್ಲ ಎಂದು ಖಾತ್ರಿಯಾದ ಮೇಲೆ ತಡೆಯುವ ಅಧಿಕಾರ ಕೊಡಬೇಕು. ಅವಸರದಲ್ಲಿ ಬರೆದ ಒಂದು ನಿಯಮ ಹಾಲಿನ ಅಂಕಿಯನ್ನೇ ಕಳ್ಳನೆಂದು ತಡೆದರೆ, ಬಟವಾಡೆ ನಿಲ್ಲುವುದಕ್ಕೆ ದಾಳಿಕೋರನೇ ಬೇಕಾಗುವುದಿಲ್ಲ. ಇದಕ್ಕೆ ದಿನಕ್ಕೆ ಒಂದಿಷ್ಟು ಹೊತ್ತು ಕೂತು ನೋಡುವ ಒಬ್ಬ ಮನುಷ್ಯ ಬೇಕು. ಹೊಸ ಡಬ್ಬಿ ಕೊಳ್ಳುವುದಕ್ಕಿಂತ ಆ ಒಬ್ಬರಿಗೆ ಸಂಬಳ ಕೊಡುವುದು ಮೇಲು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಹಣದ ಮಾತು ಬಂತಲ್ಲ. ಸ್ನಾರ್ಟ್‌ನ ನಿಯಮಗಳನ್ನು ಬರೆಯುವ ಸಿಸ್ಕೊ ಕಂಪನಿಯ ತಂಡದವರು, ಚಂದಾ ಕಟ್ಟಿದವರಿಗೆ ಹೊಸ ನಿಯಮಗಳನ್ನು ಬಂದ ದಿನವೇ ಕೊಡುತ್ತಾರೆ. ಬರೀ ಹೆಸರು ನೋಂದಾಯಿಸಿದವರಿಗೆ ಅವೇ ನಿಯಮಗಳು ಉಚಿತವಾಗಿ ಸಿಗುತ್ತವೆ, ಆದರೆ 30 ದಿನ ತಡವಾಗಿ. ಡಿಸೆಂಬರ್ 9ರಿಂದ 30 ದಿನ ಎಣಿಸಿ ನೋಡಿ, ಜನವರಿ ಬಂದುಬಿಡುತ್ತದೆ. ಇದರ ಜೊತೆಗೆ ಎಮರ್ಜಿಂಗ್ ಥ್ರೆಟ್ಸ್ ಎಂಬ ಇನ್ನೊಂದು ಪಟ್ಟಿ ಇದೆ. ಅದರ ಮುಕ್ತ ಆವೃತ್ತಿಗೆ ದುಡ್ಡಿಲ್ಲ, ಹೆಚ್ಚುಕಡಿಮೆ ಪ್ರತಿದಿನ ಹೊಸದಾಗುತ್ತದೆ. ಸುರಿಕಾಟಾದಲ್ಲಿ ಅದನ್ನು ತಾನಾಗಿ ಇಳಿಸಿಕೊಳ್ಳುವ ಸಲಕರಣೆಯೂ ಇದೆ. ಹಾಗಾಗಿ ‘ಬಜೆಟ್ ಇಲ್ಲ’ ಎಂಬ ಉತ್ತರವನ್ನು ನಾನು ಒಪ್ಪುವುದಿಲ್ಲ. ಇಲ್ಲದಿರುವುದು ಹೊಣೆ ಹೊತ್ತವರ ಹೆಸರು.

‘ನಮ್ಮಂಥ ಹಳ್ಳಿ ಸಂಘದ ಮೇಲೆ ಯಾರು ದಾಳಿ ಮಾಡುತ್ತಾರೆ’ ಎಂಬ ಮಾತು ಬಹಳ ಕೇಳಿದ್ದೇನೆ. 2017ರ ಮೇ 12ರಂದು ಹರಡಿದ ವಾನಾಕ್ರೈ ಎಂಬ ಕಂಪ್ಯೂಟರ್ ಹುಳು ಯಾರನ್ನೂ ಆರಿಸಿಕೊಂಡು ಹೋಗಲಿಲ್ಲ. ತೆರೆದ ಬಾಗಿಲು ಕಂಡಲ್ಲೆಲ್ಲ ನುಗ್ಗಿತು. ಸುಮಾರು 150 ದೇಶಗಳ 2 ಲಕ್ಷಕ್ಕೂ ಹೆಚ್ಚು ಕಂಪ್ಯೂಟರ್‌ಗಳು ಬಿದ್ದವು, ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಗಳು ಮುಂದೆ ಹೋದವು. ಅದು ನುಗ್ಗಿದ ದೋಷಕ್ಕೆ ಮೈಕ್ರೋಸಾಫ್ಟ್ ಕಂಪನಿ ಮಾರ್ಚ್ 14ಕ್ಕೇ ತೇಪೆ ಕೊಟ್ಟಿತ್ತು. ಎರಡು ತಿಂಗಳು ಯಾರು ಹಾಕಿರಲಿಲ್ಲವೋ ಅವರು ಸಿಕ್ಕಿಬಿದ್ದರು.

ಅದು ದೂರದ ಮಾತಾಯಿತು ಎನ್ನುವುದಾದರೆ ನಮ್ಮ ದೇಶದ್ದೇ ಹೇಳುತ್ತೇನೆ. 2024ರ ಜುಲೈ 31ರಂದು ಸಿ-ಎಡ್ಜ್ ಎಂಬ ಕಂಪನಿಯ ಮೇಲೆ ಬೀಗ ಹಾಕಿ ಹಣ ಕೇಳುವ ದಾಳಿಯಾಗಿದೆ ಎಂದು ರಾಷ್ಟ್ರೀಯ ಪಾವತಿ ನಿಗಮ ಪ್ರಕಟಿಸಿತು. ಈ ಕಂಪನಿ ತಂತ್ರಾಂಶ ಒದಗಿಸುತ್ತಿದ್ದದ್ದು ಹೆಚ್ಚಾಗಿ ಸಹಕಾರಿ ಬ್ಯಾಂಕುಗಳಿಗೆ, ಗ್ರಾಮೀಣ ಬ್ಯಾಂಕುಗಳಿಗೆ. ಸೋಂಕು ಹರಡಬಾರದೆಂದು ನಿಗಮ ಅದರ ಸಂಪರ್ಕ ಕಡಿದುಹಾಕಿತು. ದೇಶದ ಸುಮಾರು 300 ಸಣ್ಣ ಬ್ಯಾಂಕುಗಳ ಗ್ರಾಹಕರಿಗೆ ಯುಪಿಐ ಮುಂತಾದ ಪಾವತಿ ನಿಂತಿತು. ಮರುದಿನ ಸಂಪರ್ಕ ಮರಳಿತು, ದೊಡ್ಡ ಅನಾಹುತವಾಗಲಿಲ್ಲ. ಬೆಂಗಳೂರಿನ ಕ್ಲೌಡ್‌ಸೆಕ್ ಸಂಸ್ಥೆ ನಂತರ ಪ್ರಕಟಿಸಿದ ವರದಿಯ ಪ್ರಕಾರ, ದಾಳಿ ಶುರುವಾದದ್ದು ಬ್ಯಾಂಕಿನಲ್ಲಲ್ಲ, ಸಿ-ಎಡ್ಜ್‌ನಲ್ಲೂ ಅಲ್ಲ. ಅದರ ಜೊತೆ ಕೆಲಸ ಮಾಡುತ್ತಿದ್ದ ಇನ್ನೊಂದು ಕಂಪನಿಯ ಜೆಂಕಿನ್ಸ್ ಎಂಬ ತಂತ್ರಾಂಶದ ಸರ್ವರ್‌ನಲ್ಲಿ. ಅಲ್ಲಿ ಬಳಸಿಕೊಂಡ ದೋಷ ಬಹಿರಂಗವಾಗಿದ್ದದ್ದು ಅದೇ ವರ್ಷದ ಜನವರಿ 24ರಂದು, ತೇಪೆಯ ಜೊತೆಗೇ. ನಡುವೆ ಆರು ತಿಂಗಳು. ಕಾಲುಬಾಯಿ ಜ್ವರದ ಲಸಿಕೆಯ ಒಂದು ಪೂರ್ತಿ ಸುತ್ತು!

ನಮ್ಮಲ್ಲಿ ಎಷ್ಟೋ ಜನರ ಬಟವಾಡೆ ಬರುವುದು ಇಂಥ ಸಣ್ಣ ಬ್ಯಾಂಕುಗಳಿಗೇ. ಆ ಹಣದಲ್ಲಿ ಹಿಂಡಿ ಬೂಸಾ ಬರಬೇಕು, ಸ್ವಸಹಾಯ ಸಂಘದ ಕಂತು ಹೋಗಬೇಕು, ಮಗುವಿನ ಶುಲ್ಕ ಕಟ್ಟಬೇಕು. ಒಂದು ದಿನ ತಡವಾದರೆ ತಾಳಬಹುದು. ಎರಡು ವಾರವಾದರೆ ಕೈಸಾಲ, ಅದರ ಬಡ್ಡಿ ನಿಮ್ಮದೇ.

ಹಾಲಿನ ಉದ್ಯಮವನ್ನು ಇಂಥ ದಾಳಿ ಬಿಟ್ಟಿಲ್ಲ. 2021ರ ಅಕ್ಟೋಬರ್‌ನಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ನೆಲೆಯಿರುವ ಶ್ರೈಬರ್ ಫುಡ್ಸ್ ಎಂಬ ದೊಡ್ಡ ಚೀಸ್ ಕಂಪನಿಯ ಕಾರ್ಖಾನೆಗಳು ಕೆಲವು ದಿನ ನಿಂತವು. ಅಲ್ಲಿಗೆ ಹೋಗಬೇಕಿದ್ದ ಹಾಲಿಗೆ ಬೇರೆ ಜಾಗ ಹುಡುಕಬೇಕಾಯಿತು. ಕಂಪ್ಯೂಟರ್ ನಿಂತಿದೆ ಎಂದು ಹಸು ಕರೆಯುವುದನ್ನು ನಿಲ್ಲಿಸಲಾಗುವುದಿಲ್ಲವಲ್ಲ. ಸ್ವಿಟ್ಜರ್ಲೆಂಡಿನಲ್ಲಿ ಒಬ್ಬ ರೈತರ ಹಾಲು ಕರೆಯುವ ರೋಬೋಟಿನ ಕಂಪ್ಯೂಟರಿಗೆ ದಾಳಿಕೋರರು ಬೀಗ ಹಾಕಿದ ಸುದ್ದಿ 2024ರಲ್ಲಿ ಬಂತು. ಹಾಲು ಕರೆಯುವುದು ನಿಲ್ಲಲಿಲ್ಲ, ಆದರೆ ಹಸುಗಳ ಆರೋಗ್ಯದ ಮಾಹಿತಿ ಸಿಗದಾಯಿತು. ಗಬ್ಬದ ಹಸುವೊಂದರ ಕರು ಹೊಟ್ಟೆಯಲ್ಲೇ ಸತ್ತದ್ದು ತಡವಾಗಿ ತಿಳಿಯಿತು, ಹಸುವೂ ಉಳಿಯಲಿಲ್ಲ. ಪಶುವೈದ್ಯಕೀಯ ಓದಿದ ನನಗೆ ಕೋಟಿಗಟ್ಟಲೆ ಹಣದ ಸುದ್ದಿಗಳಿಗಿಂತ ಈ ಸಣ್ಣ ಸುದ್ದಿಯೇ ಹೆಚ್ಚು ಕಾಡಿತು.

ಕಾವಲುಪಟ್ಟಿ ಎಲ್ಲವನ್ನೂ ಹಿಡಿಯುತ್ತದೆ ಎಂದು ನಾನು ಹೇಳುವುದಿಲ್ಲ. ಇವತ್ತು ಹೆಚ್ಚಿನ ಮಾಹಿತಿ ಸಂಕೇತದ ಲಕೋಟೆಯಲ್ಲಿ ಮುಚ್ಚಿಕೊಂಡು ಹೋಗುತ್ತದೆ. ಲಕೋಟೆ ತೆರೆಯುವ ಏರ್ಪಾಟಿಲ್ಲದಿದ್ದರೆ ಕಾವಲುಗಾರನಿಗೆ ಒಳಗಿನ ಗುರುತು ಕಾಣದು. ಪ್ರಪಂಚಕ್ಕೇ ಇನ್ನೂ ಗೊತ್ತಾಗದ ದೋಷವನ್ನು ಯಾವ ಪಟ್ಟಿಯೂ ಹಿಡಿಯಲಾರದು. ಆದರೂ ಇನ್ನೊಂದು ಉಪಯೋಗ ಇದೆ. ಹಳೆಯ ದಾಖಲೆಗಳನ್ನು ಉಳಿಸಿಕೊಂಡಿದ್ದರೆ, ಇವತ್ತು ಬಂದ ಹೊಸ ನಿಯಮವನ್ನು ಹಿಂದಿನ ತಿಂಗಳುಗಳ ಮೇಲೂ ಓಡಿಸಿ ‘ಕಳ್ಳ ಆಗಲೇ ಬಂದುಹೋಗಿದ್ದನೇ’ ಎಂದು ನೋಡಬಹುದು. ಕ್ಲೌಡ್‌ಫ್ಲೇರ್‌ಗೆ ಡಿಸೆಂಬರ್ 1ರ ಗುರುತು ಸಿಕ್ಕಿದ್ದೂ ಹೀಗೆ ಹಿಂದಕ್ಕೆ ನೋಡಿದ್ದರಿಂದಲೇ. ಕೇಂದ್ರ ಸರ್ಕಾರದ ಸೆರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್ 28ರ ನಿರ್ದೇಶನದಲ್ಲಿ ದಾಖಲೆಗಳನ್ನು 180 ದಿನ ಇಡಬೇಕು, ದಾಳಿ ಗೊತ್ತಾದ 6 ಗಂಟೆಯೊಳಗೆ ತಿಳಿಸಬೇಕು ಎಂದು ಹೇಳಿದೆ. ಆರು ಗಂಟೆಯೊಳಗೆ ಯಾರು ಫೋನ್ ಎತ್ತಬೇಕು ಎಂಬುದು ಮೊದಲೇ ಗೊತ್ತಿರದಿದ್ದರೆ ಆ ಆರು ಗಂಟೆ ‘ಅವರನ್ನು ಕೇಳಿ, ಇವರನ್ನು ಕೇಳಿ’ ಎನ್ನುವುದರಲ್ಲೇ ಕಳೆಯುತ್ತದೆ.

ಯಾವ ದೋಷಕ್ಕೆ ಮೊದಲು ಓಡಬೇಕು ಎಂಬುದಕ್ಕೂ ದಾರಿ ಇದೆ. ಪ್ರತಿ ವರ್ಷ ಸಾವಿರಗಟ್ಟಲೆ ಹೊಸ ದೋಷಗಳು ಪ್ರಕಟವಾಗುತ್ತವೆ. ಅಮೆರಿಕ ಸರ್ಕಾರದ ಸಿಸಾ ಸಂಸ್ಥೆ 2021ರ ನವೆಂಬರ್‌ನಿಂದ, ದಾಳಿಕೋರರು ನಿಜವಾಗಿ ಬಳಸುತ್ತಿರುವ ದೋಷಗಳನ್ನು ಮಾತ್ರ ಆರಿಸಿ ಒಂದು ಪಟ್ಟಿ ಇಡುತ್ತಿದೆ. ಯಾರು ಬೇಕಾದರೂ ಉಚಿತವಾಗಿ ನೋಡಬಹುದು. ಎಲ್ಲ ರೋಗಕ್ಕೂ ಲಸಿಕೆ ಹಾಕಲು ಹೊರಡದೆ, ಪಕ್ಕದ ತಾಲ್ಲೂಕಿನಲ್ಲಿ ಕಾಣಿಸಿಕೊಂಡಿರುವ ರೋಗಕ್ಕೆ ಮೊದಲು ಹಾಕುತ್ತೇವಲ್ಲ, ಆ ಲೆಕ್ಕ.

ಇದನ್ನೆಲ್ಲ ಒಕ್ಕೂಟದ ಕಂಪ್ಯೂಟರ್ ವಿಭಾಗಕ್ಕೆ ಹೇಳದೆ ನಿಮಗೆ ಯಾಕೆ ಬರೆದೆ ಎಂದರೆ, ಅವರಿಗೂ ಇದು ಗೊತ್ತಿದೆ. ಅವರು ಕೇಳಿದ ಒಬ್ಬ ಸಿಬ್ಬಂದಿಯನ್ನು, ಒಂದು ಚಂದಾವನ್ನು ಮಂಜೂರು ಮಾಡುವುದು ಆಡಳಿತ ಮಂಡಳಿ. ಆಡಳಿತ ಮಂಡಳಿ ಅಲುಗುವುದು ಸದಸ್ಯರು ಎದ್ದು ನಿಂತಾಗ. ಫ್ಯಾಟ್ ಪಾಯಿಂಟ್ ಒಂದು ಕಡಿಮೆ ಬಂದರೆ ಪರೀಕ್ಷಕರನ್ನು ಬಿಡದೆ ಕೇಳುವ ನೀವು, ಆ ಪಾಯಿಂಟ್ ದುಡ್ಡಾಗಿ ಬರುವ ದಾರಿಯ ಬಗ್ಗೆಯೂ ಕೇಳಬಹುದು. ಅದಕ್ಕೆ ಕಂಪ್ಯೂಟರ್ ಕಲಿತಿರಬೇಕಾಗಿಲ್ಲ.

ಸೆಪ್ಟೆಂಬರ್‌ನ ವಾರ್ಷಿಕ ಮಹಾಸಭೆಯಲ್ಲಿ, ನಿಮ್ಮಲ್ಲಿ ನಿರ್ದೇಶಕಿಯರಾಗಿರುವವರು ಒಕ್ಕೂಟದ ಸಭೆಯಲ್ಲಿ, ಹೀಗೆ ಕೇಳಿ: ನಮ್ಮ ನೆಟ್‌ವರ್ಕಿನ ಕಾವಲುಪಟ್ಟಿ ಕಡೆಯ ಬಾರಿ ಹೊಸದಾದದ್ದು ಯಾವ ದಿನ? ಅದನ್ನು ನೋಡುವವರ ಹೆಸರೇನು, ಅವರು ರಜೆ ಹೋದರೆ ಯಾರು? ಸಂಘದ ಹಾಲು ಸಂಗ್ರಹ ಯಂತ್ರದ ತಂತ್ರಾಂಶಕ್ಕೆ ತೇಪೆ ಯಾರು ಹಾಕುತ್ತಾರೆ, ಕಡೆಯದು ಯಾವಾಗ ಹಾಕಿದರು? ನಮ್ಮ ಅಂಕಿ ಹಾದುಹೋಗುವ ಹೊರಗಿನ ಕಂಪನಿಗಳು ಯಾವುವು, ಅವರಿಂದ ಇದನ್ನೇ ಬರೆಸಿಕೊಂಡಿದ್ದೀರಾ? ಕಂಪ್ಯೂಟರ್ ಒಂದು ವಾರ ನಿಂತರೆ ಬಟವಾಡೆ ಕೊಡಲು ಕಾಗದದ ಲೆಕ್ಕ ಎಲ್ಲಿದೆ? ‘ಕಂಪನಿಯವರು ನೋಡಿಕೊಳ್ಳುತ್ತಾರಮ್ಮ’ ಎಂಬ ಉತ್ತರ ಬಂದರೆ ಕೂತುಕೊಳ್ಳಬೇಡಿ. ಯಾವ ಕಂಪನಿ, ಒಪ್ಪಂದದ ಯಾವ ಪುಟ ಎಂದು ಕೇಳಿ, ಆ ಪುಟದ ಸಂಖ್ಯೆಯನ್ನು ಸಭೆಯ ನಡಾವಳಿಯಲ್ಲಿ ಬರೆಸಿ.